ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನ ಓಣಿಯೊಂದರಲ್ಲಿ, ಬಡಿಗರ ಮನೆಯೊಳಗೆ, ಈ ಗಾದೆ ಒಂದು ದಿನ ತಲೆಕೆಳಗಾಯಿತು.

ಮಗನು ಸಾಲ ಮಾಡಿ ಹೊಸ ವಿದ್ಯುತ್ ಗರಗಸವನ್ನು ತಂದಿದ್ದನು. ಅಲ್ಯುಮಿನಿಯಂ ಹಳಿಯ ಮೇಲೆ ಸರಿಯುತ್ತ ಹಲಗೆಯನ್ನು ಕೊಯ್ಯುವ ಯಂತ್ರವದು. ಹಳಿಯ ಅಂಚಿಗೆ ರಬ್ಬರಿನ ತೆಳುಪಟ್ಟಿಯುಂಟು. ಮೊದಲ ಸಲ ಓಡಿಸಿದಾಗ ಗರಗಸವೇ ಅದನ್ನು ಕತ್ತರಿಸಿ, ತಾನು ಕೊಯ್ಯುವ ಗೆರೆಯನ್ನು ತೋರಿಸಿಕೊಡುತ್ತದೆ. ಗುರುತಿನ ಮೇಲೆ ಆ ಅಂಚನ್ನಿಟ್ಟರೆ ಸಾಕು. ಇಷ್ಟಿದ್ದೂ, ಬೀಜದ ವ್ಯಾಪಾರಿಯೊಬ್ಬರ ಕಪಾಟಿಗೆಂದು ಕೊಯ್ದ ಎರಡು ಬಾಗಿಲುಗಳು ಒಂದಕ್ಕೊಂದು ಕೂಡಲಿಲ್ಲ; ನಡುವೆ ಬೆಳಕು ಹಾಯಿತು. ಎರಡು ಪ್ಲೈವುಡ್ ಹಾಳೆಗಳು ಕೆಟ್ಟವು. ಹರಿತವಾದ ಅಲಗು ಹಾಕಿ, ಅದರ ದಪ್ಪಕ್ಕೆ ರಬ್ಬರಿನ ಅಂಚನ್ನೂ ಹೊಸದಾಗಿ ಕತ್ತರಿಸಿಕೊಂಡನು, ಫಲವಾಗಲಿಲ್ಲ. ತನ್ನ ಕೈಯೇ ಕೆಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತನು. ಸಾಲದ ಕಂತು ಕಣ್ಣೆದುರು ನಿಂತಿತು.

ಪಡಸಾಲೆಯಲ್ಲಿ ವೃದ್ಧ ತಂದೆ ಇದ್ದನು. ಯಂತ್ರ ಬಂದಂದಿನಿಂದ ಅವನನ್ನು ಏನೊಂದನ್ನೂ ಕೇಳಿದವರಿರಲಿಲ್ಲ.

“ತಮ್ಮಾ, ಗರಗಸ ಬಿಡು. ಹಳಿ ನೆಟ್ಟಗೈತೇನ, ಅದನ್ನ ನೋಡು.”

“ಕಾರ್ಖಾನ್ಯಾಗ ಮಾಡಿದ್ದಪ್ಪಾ, ಹೆಂಗ ಡೊಂಕಿರತೈತಿ?”

“ಎರಡು ತುಂಡು ಕೂಡಿಸಿದಾಂವ ನೀನ ಅಲ್ಲೇನು?”

ಮಾತು ನಿಜವಾಗಿತ್ತು. 8 ಅಡಿಯ ಹಾಳೆಗೆ ಒಂದು ಹಳಿ ಸಾಲದೆಂದು 1400 ಮಿಲಿಮೀಟರಿನ ಎರಡನ್ನು ಅವನು ಜೋಡಿಸಿದ್ದನು. ತಂದೆ ಹೇಳಿದಂತೆ ಮಗನು ಹಳಿಯ ಅಂಚಿಗೆ ಸಣ್ಣ ಪೆನ್ಸಿಲಿನಿಂದ ಉದ್ದಕ್ಕೂ ಗೆರೆಯೆಳೆದನು. ಬಳಿಕ ಹಳಿಯನ್ನು ತಿರುಗಿಸಿ ಗೆರೆಯ ಆಚೆ ಬದಿಗಿಟ್ಟು, ಅದೇ ಅಂಚನ್ನು ಗೆರೆಯ ಎರಡು ತುದಿಗಳಿಗೂ ತಾಗಿಸಿ, ಮತ್ತೊಂದು ಗೆರೆಯೆಳೆದನು. ನೆಟ್ಟಗಿದ್ದರೆ ಎರಡೂ ಒಂದಾಗಬೇಕು. ನಡುವೆ 3 ಮಿಲಿಮೀಟರು ಅಂತರ ಕಂಡಿತು! ಈ ಪರೀಕ್ಷೆ ತಪ್ಪನ್ನು ಇಮ್ಮಡಿಸಿ ತೋರಿಸುತ್ತದೆ; ಹಳಿಯ ಬಾಗು ಅದರ ಅರ್ಧ, ಒಂದೂವರೆ ಮಿಲಿಮೀಟರು. ಎರಡು ಹಳಿಗಳ ತುದಿಗಳನ್ನು ಒತ್ತಿ ಬಿಗಿದದ್ದೇ ಮೂಲ. ತುದಿ ಕೂದಲೆಳೆಯಷ್ಟು ಓರೆಯಾಗಿದ್ದರೂ ಜೋಡಣೆ ಬಾಗುವುದು.

ತಂದೆ ಅಟ್ಟದಿಂದ ತನ್ನ ಉದ್ದನೆಯ ತೇಗದ ಪಟ್ಟಿಯನ್ನು ಇಳಿಸಲು ಹೇಳಿದನು. ಮೊದಲು ಅದನ್ನೂ ಅದೇ ಪರೀಕ್ಷೆಗೆ ಒಡ್ಡಿದರು, ಅದು ಗೆದ್ದಿತು. ಅದರ ಅಂಚಿಗೆ ಎರಡೂ ಹಳಿಗಳನ್ನು ಆನಿಸಿ, ತುದಿಗಳ ನಡುವೆ ಎಳ್ಳಿನಷ್ಟು ಸಂದು ಬಿಟ್ಟು ಬಿಗಿದರು. ಹಳಿಯ ಮೇಲೆ ಅಲುಗಾಡುತ್ತಿದ್ದ ಗರಗಸದ ತಳವನ್ನೂ ತಿರುಪಿನಿಂದ ಸರಿಪಡಿಸಿದರು. ಕಾರ್ಖಾನೆಯ ಹಾಳೆಯನ್ನೂ ನಂಬದೆ ಮೂಲೆಯಿಂದ ಮೂಲೆಗೆ ಅಳೆದರು. 2440ಕ್ಕೆ 1220ರ ಹಾಳೆ ಚೌಕಾಗಿದ್ದರೆ ಎರಡೂ ಕರ್ಣಗಳು ಸಮವಾಗಿ, 2728ರ ಸುಮಾರಿಗೆ ಬರಬೇಕು, ಬಂದವು.

ಮೂರನೆಯ ಹಾಳೆಯನ್ನು ಕೊಯ್ದು ಬಾಗಿಲುಗಳನ್ನು ಕೂಡಿಸಿದಾಗ ಬೆಳಕು ಹಾಯಲಿಲ್ಲ. ತಂದೆ ಬೆರಳಿನಿಂದ ಸಂದನ್ನು ಸವರಿ ನೋಡಿ, ಏನನ್ನೂ ಹೇಳದೆ ಪಡಸಾಲೆಗೆ ಮರಳಿದನು. ಈ ಸಲ ನೆಲವೇ ಡೊಂಕಾಗಿತ್ತು. ಆದರೆ ಆ ನೆಲವನ್ನು ಹಾಸಿದವನು ಕುಣಿಯುವವನೇ ಆಗಿದ್ದನು.

ಆ ಸಂಜೆ ಮಗನು ತೇಗದ ಪಟ್ಟಿಯನ್ನು ಒರೆಸಿದನು. ಅದನ್ನು ಅಟ್ಟಕ್ಕೇರಿಸಲಿಲ್ಲ, ಹಳಿಯ ಪಕ್ಕದ ಗೂಟಕ್ಕೆ ತೂಗುಹಾಕಿದನು.