ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ತೆವಳಿದ್ದು ಯಾಕೆ?

ಲಾರಿ, ಬಸ್ಸು ಓಡಿಸುವವರಿಗೆ ಸ್ಪೀಡ್ ಗವರ್ನರ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೇ ಒತ್ತಿದರೂ ಗಾಡಿ ಒಂದು ಮಿತಿ ದಾಟುವುದಿಲ್ಲ. ಕಂಪ್ಯೂಟರಿನ ಪ್ರೊಸೆಸರಿಗೂ ಇಂಥದ್ದೇ ಒಬ್ಬ ಗವರ್ನರ್ ಇದ್ದಾನೆ, ಹೆಸರೂ ಅದೇ. ಕೆಲಸ ಇಲ್ಲದಾಗ ವೇಗ ಇಳಿಸಿ ಬ್ಯಾಟರಿ ಉಳಿಸಬೇಕು, ಕೆಲಸ ಬಂದ ಕೂಡಲೇ ಏರಿಸಬೇಕು. ಅವನು ಕೂತಿರುವುದು ಕರ್ನಲ್ ಎಂಬಲ್ಲಿ. ಯಂತ್ರಕ್ಕೂ ಆ್ಯಪ್‌ಗಳಿಗೂ ನಡುವೆ ನಿಂತು ವ್ಯವಹಾರ ಮಾಡಿಸುವ ಮೂಲ ಸಾಫ್ಟ್‌ವೇರ್ ಅದು. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ.

ಧಾರೇಶ್ವರದಲ್ಲಿ ನಾವು ಮೂವರು ಸ್ಟ್ರಿಂಗರ್‌ಗಳಿಗೆ ಇರುವುದು ಒಂದೇ ಲ್ಯಾಪ್‌ಟಾಪ್. ಇಂಟೆಲ್‌ನ ಏಳನೇ ತಲೆಮಾರಿನ ಐ5. ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಗೊತ್ತಾದಾಗ, ಹೊಸದು ಕೊಳ್ಳುವ ದುಡ್ಡಿಲ್ಲದೆ ಲಿನಕ್ಸಿಗೆ ಬಂದೆವು. ಕಾಸರಗೋಡಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸನ್ನೇ ಬಳಸುತ್ತಾರೆ. ಮಕ್ಕಳಿಗೆ ಆಗುವುದು ನಮಗೆ ಆಗದೇ ಇರುತ್ತದೆಯೇ?

ಮಳೆಗಾಲದ ಒಂದು ವಾರ ಕರ್ನಲ್ 6.8ರಿಂದ 6.14ಕ್ಕೆ ಏರಿತು. ಮರುದಿನ ಸಂಜೆ ಕಡಲ್ಕೊರೆತದ ಎರಡು ನಿಮಿಷದ ವಿಡಿಯೊ ಕಟ್ ಮಾಡಿ ಕಳಿಸಬೇಕಿತ್ತು. ನಾಲ್ಕು ನಿಮಿಷದಲ್ಲಿ ಸಿದ್ಧವಾಗಬೇಕಾದ ಫೈಲಿಗೆ ಅರ್ಧ ಗಂಟೆಯ ಮೇಲಾಯಿತು. ಬುಲೆಟಿನ್ ಮುಗಿದ ಮೇಲೆ ಬಂದ ವಿಡಿಯೊಗೆ ಚಾನೆಲ್‌ನವರು ದುಡ್ಡು ಕೊಡುವುದಿಲ್ಲ. ನಮಗೆ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಎಂದು ಲೆಕ್ಕ. ಇನ್ನೂ ಎರಡು ದಿನ ಹೀಗೇ ಹೋಯಿತು.

ಕುಮಟಾದಲ್ಲಿ ತೋರಿಸಿದಾಗ ಅಂಗಡಿಯವರು ‘ಮದರ್‌ಬೋರ್ಡ್ ಹೋಯ್ತು, ಎಂಟು ಸಾವಿರ ಆಗ್ತದೆ’ ಅಂದರು. ನಮ್ಮಲ್ಲೇ ಒಬ್ಬ, ‘ಬೋರ್ಡೂ ಇಲ್ಲ ಎಂತದೂ ಇಲ್ಲ ಮಾರಾಯ, ಆ ಅಪ್‌ಡೇಟೇ ಹಾಳು’ ಅಂದ. ಎಂಟು ಸಾವಿರ ಕೊಡುವ ಮೊದಲು ನಾವೇ ಕೂತು ಒಂದೊಂದಾಗಿ ನೋಡುವುದು ಎಂದಾಯಿತು.

ಮೊದಲು ಬೇರೆ ಯಾವುದಾದರೂ ಪ್ರೋಗ್ರಾಂ ಒಳಗೊಳಗೇ ಶಕ್ತಿ ತಿನ್ನುತ್ತಿದೆಯೇ ಎಂದು ನೋಡಿದೆವು. ಇಲ್ಲ. ಆಮೇಲೆ ವಿಡಿಯೊ ಓಡುತ್ತಿರುವಾಗಲೇ ಪ್ರೊಸೆಸರಿನ ವೇಗ ನೋಡಿದೆವು. 3.1 ಗಿಗಾಹರ್ಟ್ಸ್‌ವರೆಗೆ ಏರಬೇಕಾದ ಚಿಪ್ಪು 400 ಮೆಗಾಹರ್ಟ್ಸ್‌ನಲ್ಲಿ ನಿಂತಿತ್ತು. ಅಂದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ದೇವಿಮನೆ ಘಟ್ಟ ಹತ್ತುವ ಗೇರಿನಲ್ಲೇ ಹೆದ್ದಾರಿಯಲ್ಲೂ ಹೋದ ಹಾಗೆ.

ಗವರ್ನರ್ ಯಾವುದು ಎಂದು ಕೇಳಿದರೆ ‘ಪವರ್‌ಸೇವ್’ ಎಂದು ಬಂತು. ಸಿಕ್ಕಿಬಿದ್ದ ಕಳ್ಳ ಎಂದು ಖುಷಿಪಟ್ಟೆವು, ಆದರೆ ಇಲ್ಲಿ ಹೆಸರು ದಾರಿ ತಪ್ಪಿಸುತ್ತದೆ. ಹಳೆಯ ಡ್ರೈವರಿನಲ್ಲಿ ಪವರ್‌ಸೇವ್ ಅಂದರೆ ವೇಗವನ್ನು ತಳಕ್ಕೆ ಕಟ್ಟಿಹಾಕುವುದು. 2013ರಲ್ಲಿ ಕರ್ನಲ್ 3.9ರ ಜೊತೆ ಬಂದ ಇಂಟೆಲ್ ಪಿ-ಸ್ಟೇಟ್ ಡ್ರೈವರಿನಲ್ಲಿ ಅದೇ ಹೆಸರಿನ ಗವರ್ನರ್ ಕೆಲಸ ನೋಡಿ ವೇಗ ಏರಿಸುತ್ತಾನೆ, ಇಳಿಸುತ್ತಾನೆ. ಹಾಗಾಗಿ ಪವರ್‌ಸೇವ್ ಎಂದು ಕಂಡಿತು ಅಂತ ಗಾಬರಿಯಾಗಬೇಕಿಲ್ಲ. ‘ಪರ್ಫಾರ್ಮೆನ್ಸ್’ಗೆ ಬದಲಿಸಿಯೂ ನೋಡಿದೆವು. ಅದೇ 400.

ಇನ್ನೊಂದು ಸಾಲಿತ್ತು, ಗರಿಷ್ಠ ಎಷ್ಟು ವೇಗಕ್ಕೆ ಅನುಮತಿ ಇದೆ ಎಂಬುದು. ಅಲ್ಲಿ ಪೂರ್ತಿ 3.1 ಎಂದೇ ಇತ್ತು. ಕರ್ನಲ್ ಓಡು ಅನ್ನುತ್ತಿದೆ, ಚಿಪ್ಪು ಓಡುತ್ತಿಲ್ಲ! ಈ ಒಂದು ಸಾಲಿನಿಂದ ನಮ್ಮ ಅನುಮಾನ ಸಾಫ್ಟ್‌ವೇರಿನಿಂದ ಯಂತ್ರದ ಕಡೆ ತಿರುಗಿತು.

ಆದರೂ ಕರ್ನಲ್ ಮೇಲಿನ ದೂರು ಇತ್ಯರ್ಥವಾಗಬೇಕಲ್ಲ. ಉಬುಂಟು, ಮಿಂಟ್‌ನಂಥ ಲಿನಕ್ಸಿನಲ್ಲಿ ಹೊಸ ಕರ್ನಲ್ ಬಂದರೂ ಅದರ ಹಿಂದಿನದನ್ನು ಅಳಿಸದೆ ಇಟ್ಟುಕೊಂಡಿರುತ್ತಾರೆ. ಯಂತ್ರ ಶುರುವಾಗುವಾಗ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಎಂಬಲ್ಲಿ ಹೋಗಿ ಹಳೆಯದನ್ನು ಆರಿಸಬಹುದು. ನಮಗೆ ಕೇಳಿದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಖರ್ಚಿಲ್ಲ, ಎರಡೇ ನಿಮಿಷ. ಹಳೆಯದರಲ್ಲಿ ಸರಿಯಾದರೆ ತಪ್ಪು ಹೊಸದರದ್ದು. ನಮ್ಮ ಯಂತ್ರ 6.8ರಲ್ಲೂ 400ರಲ್ಲೇ ತೆವಳಿತು.

ಹಾಗಂತ ಕರ್ನಲ್ ಎಂದೂ ತಪ್ಪು ಮಾಡುವುದಿಲ್ಲ ಎಂದಲ್ಲ. 2020ರ 5.7ರಲ್ಲಿ ಕೆಲವು ಹಳೆಯ ಇಂಟೆಲ್ ಚಿಪ್ಪುಗಳ ವೇಗ ನಿರ್ಧರಿಸುವ ಕ್ರಮವೇ ಬದಲಾಯಿತು. 2022ರ 5.17ರಲ್ಲಿ ಎಎಂಡಿ ಚಿಪ್ಪುಗಳಿಗೆ ಬೇರೆ ಡ್ರೈವರ್ ಬಂತು. ಇಂಥ ಬದಲಾವಣೆಯಾದಾಗ ಹಿಂದೆ ಯಾರೋ ಬರೆದಿಟ್ಟ ಸೆಟ್ಟಿಂಗು ಕೆಲಸ ಮಾಡದೇ ಹೋಗಬಹುದು.

ಬಿಸಿ ನೋಡಿದೆವು. 50 ಡಿಗ್ರಿಯ ಆಸುಪಾಸು, ಅದು ಏನೂ ಅಲ್ಲ. ಆಗ ಗಮನಕ್ಕೆ ಬಂದದ್ದು ಬ್ಯಾಟರಿ. ಗಂಟೆಗಟ್ಟಲೆ ಪ್ಲಗ್ಗಿನಲ್ಲಿದ್ದರೂ 31 ಪರ್ಸೆಂಟ್ 32 ಆಗಿರಲಿಲ್ಲ. ಚಾರ್ಜರ್ ಕಿತ್ತೆವು. ಕಣ್ಣೆದುರೇ ವೇಗ 2.9, 3.0 ಎಂದು ಜಿಗಿಯಿತು. ಸಿಕ್ಕಿಸಿದರೆ ಮತ್ತೆ 400.

ಆ ವಾರದ ಆರಂಭದಲ್ಲಿ ಕರೆಂಟು ಹೋಗಿ ಬರುವ ಆಟದಲ್ಲಿ ಹಳೆಯ ಚಾರ್ಜರ್ ಸುಟ್ಟಿತ್ತು, ಅಗ್ಗದ್ದೊಂದು ತಂದಿದ್ದೆವು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರಿನ ಮೂತಿಯ ಮಧ್ಯೆ ಒಂದು ಸಣ್ಣ ಪಿನ್ ಇರುತ್ತದೆ. ‘ನಾನು ಇಷ್ಟು ವ್ಯಾಟಿನವನು’ ಎಂದು ಯಂತ್ರಕ್ಕೆ ತಿಳಿಸುವುದು ಅದೇ. ಗುರುತು ಸಿಗದಿದ್ದರೆ ಯಂತ್ರ ಅಪಾಯ ಬೇಡವೆಂದು ಬ್ಯಾಟರಿ ತುಂಬಿಸುವುದಿಲ್ಲ, ಪ್ರೊಸೆಸರನ್ನೂ ತಳಕ್ಕೆ ತಳ್ಳುತ್ತದೆ. ಈ ಆಜ್ಞೆ ಹಾರ್ಡ್‌ವೇರಿನಿಂದ ಬರುವುದರಿಂದ ಗವರ್ನರನ ಮಾತು ಅಲ್ಲಿ ನಡೆಯುವುದಿಲ್ಲ. ಚಾರ್ಜರ್ ಬಂದ ದಿನ ನಾವು ಬರೀ ಸುದ್ದಿ ಟೈಪ್ ಮಾಡಿದ್ದೆವು, ಅದಕ್ಕೆ 400 ಸಾಕು. ವಿಡಿಯೊ ಕೆಲಸ ಬಂದದ್ದು ಅಪ್‌ಡೇಟಿನ ಮರುದಿನ.

ಆ ಆಜ್ಞೆಯನ್ನು ಬಂದ್ ಮಾಡುವ ಉಪಾಯಗಳೂ ಇವೆ. ನಮಗೆ ಅದು ಬೇಡ ಅನ್ನಿಸಿತು. ಬೋರ್ಡಿನ ಬೇರೆ ಭಾಗ ಕಾದಾಗ ಬರುವ ಎಚ್ಚರಿಕೆಯೂ ಅದೇ ತಂತಿಯಲ್ಲಿ ಬರಬಹುದು.

ಫೋನಿನದ್ದೂ ಬಹಳ ಬೇರೆಯಲ್ಲ. 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡ ಸಂಗತಿ ನೆನಪಿರಬಹುದು. ಹಳೆಯ ಐಫೋನುಗಳು ಅಪ್‌ಡೇಟ್ ಆದ ಮೇಲೆ ನಿಧಾನವಾಗಿದ್ದವು. ಸವೆದ ಬ್ಯಾಟರಿಯಿಂದ ಫೋನ್ ತಟ್ಟನೆ ಆಫ್ ಆಗದಿರಲಿ ಎಂದು ಅಪ್‌ಡೇಟೇ ವೇಗ ಇಳಿಸಿತ್ತು. ಬ್ಯಾಟರಿ ಬದಲಿಸಿದವರ ಫೋನು ಮೊದಲಿನಂತಾಯಿತು. ಇಲ್ಲಿ ಅಪ್‌ಡೇಟು, ಬ್ಯಾಟರಿ ಎರಡೂ ಕಾರಣ. ನಿಮ್ಮ ಆಂಡ್ರಾಯ್ಡ್ ಅಪ್‌ಡೇಟ್ ಆದ ಮೇಲೆ ತೆವಳಿದರೆ ಒಂದೆರಡು ದಿನ ಬಿಡಿ, ಒಳಗೆ ಆ್ಯಪ್‌ಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತಿರುತ್ತದೆ. ಆಮೇಲೂ ಹಾಗೇ ಇದ್ದರೆ ಸ್ಟೋರೇಜ್ ತುಂಬಿದೆಯೇ, ಫೋನ್ ಬಿಸಿ ಇದೆಯೇ, ಬ್ಯಾಟರಿ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ.

ನಾವು ಅದೇ ಕಂಪನಿಯ ಸೆಕೆಂಡ್‌ಹ್ಯಾಂಡ್ ಚಾರ್ಜರ್ ಹುಡುಕಿ 900 ರೂಪಾಯಿಗೆ ತಂದೆವು. ಕರ್ನಲ್ 6.14ರಲ್ಲೇ ಓಡುತ್ತಿದೆ. ಅಗ್ಗದ ಚಾರ್ಜರನ್ನು ಮಾರಿದವರೇ 100 ರೂಪಾಯಿ ಮುರಿದುಕೊಂಡು ವಾಪಸ್ ತೆಗೆದುಕೊಂಡರು.