ಟಿಕೆಟ್ ಇಲ್ಲದ ವಿಜಯಪುರ: ನೀರಿನ ಹಿಂದೆ ಒಂದು ದಿನ

ನಮ್ಮ ಹೂವಿನ ಹಿಪ್ಪರಗಿ ಕಡೆಯವರು ವಿಜಯಪುರಕ್ಕೆ ಹೋಗೋದು ನಾಲ್ಕೇ ಕೆಲಸಕ್ಕೆ ನೋಡ್ರಿ: ದವಾಖಾನಿ, ಕೋರ್ಟು, ಬ್ಯಾಂಕು, ಎಪಿಎಂಸಿ. ಮೂರು ಕಡೆ ರೊಕ್ಕ ಕೊಟ್ಟು ಬರ್ತೀವಿ, ಒಂದು ಕಡೆ ತಗೊಂಡು ಬರ್ತೀವಿ, ಅದೂ ತೊಗರಿಗೆ ರೇಟು ಇದ್ದಾಗ. ಕೆಲಸ ಮುಗಿದ ಕೂಡಲೇ ಬಸ್‌ಸ್ಟ್ಯಾಂಡಿಗೆ ಓಟ. ಅರ್ಧ ಆಯುಷ್ಯ ಆ ಊರಿಗೆ ಅಡ್ಡಾಡಿದವರನ್ನು "ಅಲ್ಲಿ ಏನೇನು ನೋಡೀರಿ?" ಅಂತ ಕೇಳಿದರೆ ಗೋಳಗುಮ್ಮಟ ಅಂತಾರೆ. ಅದೂ ಸಾಲಿಯಲ್ಲಿದ್ದಾಗ ಮಾಸ್ತರು ಕರಕೊಂಡು ಹೋಗಿದ್ದು.

ಹಿಂಗಾರಿ ಜೋಳದ ಬಿತ್ತಿಗಿ ಮುಗಿದೈತಿ, ಎಡಿ ಹೊಡಿಯಾಕ ಇನ್ನೂ ದಿನ ಐತಿ, ಮಕ್ಕಳಿಗೆ ದಸರಾ ಸೂಟಿ. ಖರ್ಚಿಲ್ಲದೆ ಮಕ್ಕಳಿಗೆ ಎಲ್ಲಿ ತೋರಿಸೋದು ಅಂತ ಮೂರ್ನಾಲ್ಕು ಮಂದಿ ಕೇಳಿದ್ರಿ. ಈ ಪೇಜಿನಲ್ಲಿ ಬೆಳಿ, ರೋಗ, ಔಷಧ ಇದನ್ನೇ ಬರೀತಿದ್ದೆ. ಇವತ್ತು ಊರು ಸುತ್ತೋ ಮಾತು. ಆದರೂ ಕಡೀಗೆ ಅದು ಹೊಲದ ಮಾತಿಗೇ ಬರ್ತದ, ಪೂರ್ತಿ ಓದ್ರಿ.

ಮೊದಲು ಲೆಕ್ಕ. ನಾವು ಹೋದದ್ದು ನಾಲ್ಕು ಮಂದಿ: ನಾನು, ನಮ್ಮ ಮನ್ಯಾಕಿ, ಏಳನೇತ್ತಾ ಓದೋ ಮಗಳು, ಪುಣೆಯಿಂದ ಸೂಟಿಗೆ ಬಂದಿದ್ದ ಅಕ್ಕನ ಮಗ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ತಾಯಿ-ಮಗಳಿಗೆ ಬಸ್ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಮುಗೀತು. ನಮ್ಮಿಬ್ಬರದಷ್ಟೇ ಚಾರ್ಜು. ಬುತ್ತಿ ಮನೀದು. ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡಕ್ಕೂ ಟಿಕೆಟ್ ಐತಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಅವೆರಡನ್ನು ಎಲ್ಲಾರೂ ನೋಡ್ತಾರ ಅಂತ ಈ ಸಲ ಬಿಟ್ಟೆವು. ನಾವು ನೋಡಿದ ಉಳಿದ ಯಾವುದಕ್ಕೂ ಒಂದು ರೂಪಾಯಿ ಕೇಳಲಿಲ್ಲ.

ಬಸ್ಸಿನಲ್ಲಿ ಅಳಿಯ ಫೋನ್ ನೋಡ್ತಾ, "ಮಾಮಾ, ಇದಕ್ಕ ಕೆರೀ ಊರು ಅಂತೀರಿ. ಬರದ ಜಿಲ್ಲಾದಾಗ ಕೆರಿ ಎಲ್ಲಿಂದ ಬಂತು?" ಅಂದ. ಅವನ ಮಾತು ಸುಳ್ಳಲ್ಲ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳೋ ಸೀಮೆ ನಮ್ಮದು. ಹತ್ತಿರ ದೊಡ್ಡ ಹೊಳಿ ಇಲ್ಲ. ಆದರೂ ಆದಿಲ್‌ಶಾಹಿಗಳು ಇಲ್ಲೇ ರಾಜಧಾನಿ ಮಾಡಿ ದೊಡ್ಡ ಶಹರ ಕಟ್ಟಿದರು. ಅಷ್ಟು ಜನ ಏನು ಕುಡೀತಿದ್ದರು? "ಇವತ್ತು ಬರೇ ಇದೊಂದ ಪ್ರಶ್ನೆ ಹಿಡಕೊಂಡು ತಿರಗೋಣ" ಅಂದೆ. ಅದು ಕೆಲಸ ಮಾಡಿತು. ಸುಮ್ಮನೆ ಕಲ್ಲು ನೋಡು ಅಂದರೆ ಹುಡುಗರಿಗೆ ಬ್ಯಾಸರ ಬರ್ತದ. ಏನನ್ನಾದರೂ ಹುಡುಕು ಅಂದರೆ ಕಾಲು ಮುಂದೆ ಹೋಗ್ತಾವ.

ಮುಂಜಾನೆ ಮೊದಲು ಊರಿನ ಪಶ್ಚಿಮಕ್ಕಿರೋ ತಾಜ್ ಬಾವಡಿಗೆ ಹೋದೆವು. ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ್ದು. ಎರಡೂ ಕಡೆ ಎಂಟು ಮೂಲಿ ಗೋಪುರ, ನಡುವೆ 35 ಅಡಿ ಅಗಲದ ಕಮಾನು. ಅದರೊಳಗಿಂದ ನೋಡಿದರೆ ಒಮ್ಮೆಲೇ ನೀರು ಕಾಣ್ತದ. ಒಂದೊಂದು ಬದಿ 223 ಅಡಿ, ಆಳ 52 ಅಡಿ. ಬಾವಿ ಅನ್ನೋದಕ್ಕಿಂತ ಕಲ್ಲು ಕಟ್ಟಿದ ಒಂದು ಹೊಲ ಅನ್ನಬಹುದು.

ನಾನು ಅಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಹೊಲದಲ್ಲಿ ಎರಡು ಬೋರು ಹೊಡಿಸೀವಿ. ಒಂದು 480 ಅಡಿ, ಇನ್ನೊಂದು 620. ಒಂದರಲ್ಲಿ ಬರೇ ಧೂಳು, ಇನ್ನೊಂದರಲ್ಲಿ ಎರಡು ಬ್ಯಾಸಗಿ ನೀರು ಬಂದು ನಿಂತಿತು. ಇದು 52 ಅಡಿ, ನಾನೂರು ವರ್ಷ. ಈ ಬಾವಡಿಯೂ ನಡುವೆ ಕಸ, ಹೂಳು ತುಂಬಿ ಹೊಲಸು ನಾರ್ತಿತ್ತು. ಕೆಲವು ವರ್ಷಗಳ ಹಿಂದೆ ಊರಿನ ಹಳೇ ಬಾವಡಿಗಳ ಹೂಳು ತೆಗೆಸಿದರು. ಮೇಲಿಂದಲೇ ನೋಡ್ರಿ, ಮಕ್ಕಳ ಕೈ ಹಿಡಕೊಳ್ರಿ, ನೀರಿಗೆ ಇಳಿಸಬ್ಯಾಡ್ರಿ.

ಊರಿನ ಪೂರ್ವಕ್ಕೆ ಚಾಂದ್ ಬಾವಡಿ ಐತಿ. ಅದು ಇನ್ನೂ ಹಳೇದು, 1579ರದು. ಒಂದನೇ ಅಲಿ ಆದಿಲ್‌ಶಾಹ ಚಾಂದಬೀಬಿ ಹೆಸರಿನಲ್ಲಿ ಕಟ್ಟಿಸಿದ್ದು. 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ಈ ಊರಿಗೆ ಜನ ಬಂದು ತುಂಬಿದರು. ಜನ ಬಂದರೆ ಮೊದಲು ಬೇಕಾಗೋದು ನೀರು. ನಮ್ಮಲ್ಲಿ ಈಗ ಮೊದಲು ಲೇಔಟ್ ಮಾಡ್ತಾರ, ನೀರಿನ ಟ್ಯಾಂಕರ್ ಆಮೇಲೆ ಹುಡಕ್ತಾರ.

ತಾಜ್ ಬಾವಡಿಯಿಂದ ಮಲಿಕ್-ಎ-ಮೈದಾನ್ ತೋಪಿಗೆ ನಡಕೊಂಡೇ ಬರಬಹುದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು, ತೂಕ ಸುಮಾರು 55 ಟನ್. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನಿ. ಅದನ್ನು ಇಲ್ಲಿಗೆ ಎಳೆದು ತರಲು 400 ಎತ್ತು, 10 ಆನೆ ಹೂಡಿದ್ದರು ಅಂತ ಹೇಳ್ತಾರ. ಆನೆ ಮಾತು ಕೇಳಿ ಹುಡುಗರು ಖುಷಿಯಾದರು, ನನ್ನ ಮನಸ್ಸು ಎತ್ತಿನ ಕಡೆ ಹೋತು. 400 ಎತ್ತಿಗೆ ದಿನಾ ಎಷ್ಟು ಕಣಿಕಿ, ಎಷ್ಟು ನೀರು? ಯಾರ ದಡ್ಡಿಯಿಂದ ಬಿಚ್ಚಿ ತಂದಿರಬೇಕು? ಇತಿಹಾಸದಲ್ಲಿ ರೈತನ ಹೆಸರು ಇರೋದಿಲ್ಲ, ಎತ್ತಿನ ಲೆಕ್ಕ ಮಾತ್ರ ಇರ್ತದ. ಇನ್ನೊಂದು ಮಾತು, ಬ್ರಿಟಿಷರು 1854ರಲ್ಲಿ ಈ ತೋಪನ್ನು ಗುಜರಿಗೆ ಹರಾಜು ಹಾಕಿದಾಗ ಬಂದ ಸವಾಲು 150 ರೂಪಾಯಿ. ಪುಣ್ಯಕ್ಕೆ ಆ ಹರಾಜು ರದ್ದಾಯಿತು.

ಅಲ್ಲೇ ಸನಿಹ ಉಪ್ಪಲಿ ಬುರುಜು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ 80 ಅಡಿ ಎತ್ತರದ ಗೋಪುರ. ಹೊರಗಿಂದಲೇ ಸುತ್ತು ಮೆಟ್ಟಲು. ಮೊಣಕಾಲು ನೋವಿದ್ದವರು ಕೆಳಗೇ ಕೂಡ್ರಿ, ನಮ್ಮ ಮನ್ಯಾಕಿ ಹಂಗೇ ಮಾಡಿದಳು. ಮೇಲೆ 30 ಅಡಿ ಉದ್ದದ ತೋಪು ಐತಿ, ಆದರೆ ನೋಡಬೇಕಾದ್ದು ಸುತ್ತಲಿನ ಊರು. ಗುಮ್ಮಟಗಳು, ಕೋಟೆಗೋಡೆ, ಅದರಾಚೆ ಬಯಲು ಸೀಮೆ. ಎಲ್ಲೂ ಹೊಳಿಯ ಗೆರೆ ಕಾಣಂಗಿಲ್ಲ. "ಈಗ ಹೇಳು, ನೀರು ಎಲ್ಲಿಂದ ತಂದ್ರು?" ಅಂದೆ. ಅಳಿಯ ಫೋನ್ ಕಿಸೆಗೆ ಹಾಕಿ ನಿಜವಾಗಿಯೂ ನೋಡಾಕ ಹತ್ತಿದ.

ಮಧ್ಯಾಹ್ನ ಗಗನಮಹಲಿನ ಹತ್ತಿರ ನೆರಳು ಹಿಡಿದು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಝುಣಕ, ಉಳ್ಳಾಗಡ್ಡಿ. 1561ರಲ್ಲಿ ಕಟ್ಟಿದ ಅರಮನೆ ಇದು. ನಡುವಿನ ಕಮಾನಿನ ಅಗಲವೇ 60 ಅಡಿ. ಮಾಳಿಗೆ ಬಿದ್ದು ಹೋಗಿ ಈಗ ಕಮಾನಿನ ಮೇಲೆ ಆಕಾಶವೇ ಚಾವಣಿ. ಮುಂದೆ ಬಾರಾಕಮಾನ್ ಬಂತು, ಎರಡನೇ ಅಲಿ ಆದಿಲ್‌ಶಾಹ ತನಗಂತ ಶುರು ಮಾಡಿಸಿ ಮುಗಿಯದೇ ಉಳಿದ ಗೋರಿ. ಆತ 1672ರಲ್ಲಿ ತೀರಿಕೊಂಡ. ಎರಡನ್ನೂ ಒಂದು ತಾಸಿನಲ್ಲಿ ನೋಡಬಹುದು.

ಅಸರ ಮಹಲಿನ ಒಳಗೆ ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ, ಇದು ಮೊದಲೇ ಗೊತ್ತಿರಲಿ. ಹಂಗಾಗಿ ನಾವು ಯಾರೂ ಒಳಗೆ ಹೋಗಲಿಲ್ಲ. ಮುಂದಿನ ದೊಡ್ಡ ಹೊಂಡದ ಹತ್ತಿರ ನಾಲ್ಕೂ ಮಂದಿ ಕೂತೆವು. ನಮ್ಮ ಪ್ರಶ್ನೆಗೆ ಬೇಕಾದ ಉತ್ತರ ಹೊರಗೇ ಇತ್ತು. ಈ ಹೊಂಡಕ್ಕೆ ನೀರು ಬರ್ತಿದ್ದದ್ದು ಊರಾಚೆ ದಕ್ಷಿಣಕ್ಕಿರೋ ಬೇಗಂ ತಲಾಬದಿಂದ, ನೆಲದೊಳಗಿನ ಕೊಳವೆಗಳಲ್ಲಿ.

ಆ ಕೆರಿ ನೋಡಾಕ ಸಂಜೆ ಹೊರಟೆವು. ದಾರಿಯಲ್ಲಿ ಒಂದು ಮುರುಕು ಗೋಪುರ ಕಾಣಿಸಿತು. ಮಂದಿ ಅದರ ಪಕ್ಕ ಬೈಕ್ ನಿಲ್ಲಿಸಿದ್ದರು. ಅದನ್ನು ಗಂಜ್ ಅಂತಾರ. ಇಂಥವು ಊರಿನಲ್ಲಿ ಅಲ್ಲಲ್ಲಿ ಉಳಿದಾವ, 25ರಿಂದ 40 ಅಡಿ ಎತ್ತರ. ಕಾವಲು ಗೋಪುರ ಅಲ್ಲ, ನೀರಿನ ಗೋಪುರ. ಕೆರೆಯಿಂದ ಸುಟ್ಟ ಮಣ್ಣಿನ ಕೊಳವೆ ಸಾಲು, ಸುತ್ತ ಗಚ್ಚು ಹಾಕಿ ನೆಲದಲ್ಲಿ ಹೂಳಿದ್ದು. ನೀರು ಜೋರಾಗಿ ಬಂದರೆ ಮಣ್ಣಿನ ಕೊಳವೆ ಒಡೀತದ. ಅದಕ್ಕೆ ನಡುನಡುವೆ ಈ ಗೋಪುರ. ನೀರು ಇದರೊಳಗೆ ಮ್ಯಾಲೆ ಏರಿ ಒತ್ತಡ ಇಳಿಸಿಕೊಳ್ತದ, ರಾಡಿ ತಳದಲ್ಲಿ ಕೂಡ್ತದ, ತಿಳಿ ಮುಂದೆ ಹೋಗ್ತದ.

ಪೈಪ್‌ಲೈನ್ ಹಾಕಿದ ರೈತರಿಗೆ ಇದನ್ನು ಬಿಡಿಸಿ ಹೇಳೋದು ಬೇಕಾಗಿಲ್ಲ. ಏರ್ ವಾಲ್ವ್ ಇಲ್ಲದೆ ಮೋಟಾರ್ ಚಾಲೂ ಮಾಡಿದರೆ ಪಿವಿಸಿ ಪೈಪು ಹೆಂಗ ಸಿಡೀತದ, ಫಿಲ್ಟರ್ ತೊಳೀದಿದ್ದರೆ ಡ್ರಿಪ್ ಹೆಂಗ ಕಟ್ತದ, ನಮಗೆ ಗೊತ್ತೈತಿ. ನಮ್ಮ ಏರ್ ವಾಲ್ವು, ನಮ್ಮ ಫಿಲ್ಟರು ಎರಡೂ ಕೂಡಿ ಆ ಗೋಪುರದಲ್ಲಿದ್ದಾವ. ಮಗಳಿಗೆ ಹೊಲದ ಫಿಲ್ಟರ್ ನೆನಪು ಮಾಡಿ ಹೇಳಿದೆ. "ಹಂಗಾದ್ರ ಇದನ್ನೂ ಯಾರೋ ತೊಳೀತಿದ್ರೇನಪ್ಪಾ?" ಅಂದಳು. ಇಡೀ ದಿನದಲ್ಲಿ ಯಾರೂ ಕೇಳಿರದ ಸರಿಯಾದ ಪ್ರಶ್ನೆ ಅದೇ.

ಬೇಗಂ ತಲಾಬ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಜಹಾನ್ ಬೇಗಂ ನೆನಪಿಗೆ ಕಟ್ಟಿಸಿದ್ದು. 234 ಎಕರೆ. ಏರಿ ಮೇಲೆ ಸಂಜೆ ಗಾಳಿ, ಹೊತ್ತು ಮುಳುಗೋದು, ನೀರಿನ ಮ್ಯಾಲೆ ಹಕ್ಕಿ, ಎಲ್ಲಾ ಪುಕ್ಕಟೆ. ಊರಿಗೆ ಭೂತನಾಳ ಕೆರೆಯೂ ಐತಿ, ಅದು ಈಚಿನದು. ಒಂದೇ ದಿನಕ್ಕೆ ಎರಡೂ ಆಗಂಗಿಲ್ಲ, ಅದನ್ನು ಸಂಕ್ರಮಣದ ಸಿದ್ಧೇಶ್ವರ ಜಾತ್ರಿಗೆ ಬಂದಾಗ ಇಟ್ಟುಕೊಳ್ರಿ.

ಏರಿ ಮೇಲೆ ಕೂತು ಮಗಳ ಪ್ರಶ್ನೆಗೆ ಉತ್ತರ ಹೇಳಿದೆ. ಹೌದು, ಗೋಪುರದ ರಾಡಿ ತೆಗೆಯೋರು, ಕೊಳವೆ ಕಾಯೋರು ಇದ್ದೇ ಇರಬೇಕು. 1686ರಲ್ಲಿ ಔರಂಗಜೇಬ ಊರು ಗೆದ್ದ. ರಾಜ ಹೋದ, ಪಗಾರ ಹೋತು, ಜನ ಚದುರಿದರು. ಕೆರೆ ಇದ್ದಲ್ಲೇ ಇತ್ತು, ನಿಗಾ ಮಾಡೋರು ಇರಲಿಲ್ಲ. 1885ರಲ್ಲಿ ಬ್ರಿಟಿಷರು ಕಲಾದಗಿಯಿಂದ ಜಿಲ್ಲಾ ಕಚೇರಿ ಇಲ್ಲಿಗೆ ತರೋವರೆಗೆ ಹಾಳು ಬಿದ್ದ ಗುಮ್ಮಟಗಳ ಊರಾಗೇ ಇತ್ತು. ಬರ ಅಂದರೆ ಮಳೆ ಇಲ್ಲದ್ದು ಅಂತ ನಾವು ತಿಳಕೊಂಡೀವಿ. ಅರ್ಧ ಬರ ರಾಡಿ ತೆಗೆಯದೇ ಬಿಟ್ಟಿದ್ದಕ್ಕೆ ಬರ್ತದ.

ಈಗ ನಮ್ಮ ಹೊಲದ ಮಾತು. ಆಲಮಟ್ಟಿಯ ನೀರು ಮುಳವಾಡ ಏತ ನೀರಾವರಿಯಿಂದ ನಮ್ಮ ತಾಲೂಕಿನ ಕಾಲುವೆಗೆ ಬರ್ತದ, ಕೆರಿ ತುಂಬಸ್ತಾರ. ನಮ್ಮ ಅಪ್ಪನ ಕಾಲದವರು ಕನಸಿನಲ್ಲೂ ಕಾಣದ ಭಾಗ್ಯ. ಆದರೆ ಕಾಲುವೆ ಬಂತು ಅಂತ ಹಳೇ ಬಾವಿಗಳನ್ನು ಕಸದ ತಿಪ್ಪಿ ಮಾಡಾಕ ಹತ್ತೀವಿ. ಕೃಷಿಹೊಂಡದಲ್ಲಿ ಹೂಳು ಮೊಣಕಾಲು ಮಟ ಬಂದರೂ ಯಾರೂ ಇಳಿಯಂಗಿಲ್ಲ. ನೀರು ಕರೆಂಟಿನ ಮೇಲೆ, ಆಣಿಕಟ್ಟಿನ ಮಟ್ಟದ ಮೇಲೆ ಬರೋದು. ಒಂದು ವರ್ಷ ಕೃಷ್ಣಾ ಕೈಕೊಟ್ಟಳು ಅಂದರೆ ನಮ್ಮ ಕೈಯಲ್ಲಿ ಏನು ಉಳೀತದ? ಅಳಿಯನಂಥ ಹುಡುಗರು "ಅಲ್ಲಿ ಏನೈತಿ?" ಅಂತ ಪುಣೆಯಲ್ಲೇ ಉಳೀತಾರ. ಅವರದು ತಪ್ಪು ಅನ್ನಾಕ ನಮಗೆ ಬಾಯಿ ಇರಂಗಿಲ್ಲ.

ಹೋಗೋರಿಗೆ ಕಡೀ ಮಾತು. ಮುಂಜಾನೆ ಲಗೂನೆ ಹೊರಡ್ರಿ. ಪಶ್ಚಿಮದ ಬಾವಡಿ, ತೋಪು, ಬುರುಜು ಬಿಸಿಲು ಏರೋದರೊಳಗೆ ಮುಗಿಸ್ರಿ, ಮಧ್ಯಾಹ್ನ ನಡುಊರು, ಸಂಜೆ ಕೆರಿ. ಕುಡಿಯೋ ನೀರು ಮನೆಯಿಂದ ಒಯ್ರಿ. ಪ್ಲಾಸ್ಟಿಕ್ ವಾಪಸ್ ತರ್ರಿ. ಪುಕ್ಕಟೆ ಜಾಗಾ ಅಂದರೆ ಕಾಯೋರು ಕಡಿಮೆ, ನೋಡಾಕ ಬಂದೋರೇ ಕಾಯಬೇಕು.

ನಮ್ಮೂರಿನವರಿಗೆ ಇನ್ನೊಂದು. ಬರೋ ಸೋಮವಾರ ಎತ್ತು ಹೂಡಂಗಿಲ್ಲ, ಎಲ್ಲಾರಿಗೂ ಬಿಡುವು. ನಮ್ಮ ಓಣಿಯ ಹಳೇ ಬಾವಿಯ ಕಸ ತೆಗೆಯಾಕ ಆರು ಮಂದಿ ಒಪ್ಪೀವಿ. ಹಗ್ಗ, ರಾಟಿ ನಮ್ಮವು ಅದಾವ. ಸಲಿಕಿ, ಬುಟ್ಟಿ ಇದ್ದೋರು ಏಳು ಗಂಟೆಕ್ಕೆ ಬರ್ರಿ. ಚಾ ನಮ್ಮ ಮನೀದು.