ಅಜ್ಜಿಯ ಒಗೆಯೋ ಕಲ್ಲು

ನಮ್ಮಜ್ಜಿಗೆ ರಾಜರ ಮುಖದ ಮೇಲೆ ನಂಬಿಕೆಯಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಹಳೇ ಬೆಳ್ಳಿ ರೂಪಾಯಿಗಳನ್ನು ಹಿತ್ತಲಿನ ಒಗೆಯೋ ಕಲ್ಲಿಗೆ ಬಡಿದು, ಕಿವಿಗೊಟ್ಟು ಕೇಳಿ ತೋರಿಸುತ್ತಿದ್ದಳು. ‘ಟಿಣ್’ ಎಂದು ಎಳೆದರೆ ಅಸಲು. ಸದ್ದು ಅಲ್ಲೇ ಸತ್ತರೆ ಮುಖ ಸಿಂಡರಿಸುತ್ತಿದ್ದಳು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿತೆಂದು ನಾನು ಓದಿ ತಿಳಿದೆ. ಅವಳಿಗೆ ಅದನ್ನು ಕಲ್ಲೇ ಹೇಳಿತ್ತು.

ರೋಮನ್ನರ ಬೆಳ್ಳಿ ನಾಣ್ಯ ದಿನಾರಿಯಸ್ಸಿನ ಹುಚ್ಚು ನನಗೆ ಹಿಡಿದಾಗ ಮೊದಲು ನೆನಪಾದದ್ದು ಈ ಕಲ್ಲು. ಹ್ಯಾನಿಬಲ್ ಜೊತೆಗಿನ ಯುದ್ಧದ ನಡುವೆ, ಕ್ರಿ.ಪೂ. 211ರ ಸುಮಾರಿಗೆ ಹುಟ್ಟಿದ ನಾಣ್ಯ ಅದು. ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ, ಇನ್ನೊಂದಕ್ಕೆ ಕುದುರೆಯೇರಿದ ಅವಳಿ ದೇವರು, ನಮ್ಮ ಅಶ್ವಿನಿಗಳ ಅಣ್ಣತಮ್ಮಂದಿರ ಹಾಗೆ. ಬದುಕಿರುವವನ ಮುಖ ಅಚ್ಚುಹಾಕುವ ಪದ್ಧತಿ ರೋಮಿನಲ್ಲಿರಲಿಲ್ಲ. ಕ್ರಿ.ಪೂ. 44ರಲ್ಲಿ ಸೀಸರ್‌ನ ಮುಖ ಬಂತು. ಅದೇ ಮಾರ್ಚ್ 15ಕ್ಕೆ ಅವನು ಕೊಲೆಯಾದ. ಕೊಂದವರಲ್ಲೊಬ್ಬನಾದ ಬ್ರೂಟಸ್ ತಾನೂ ನಾಣ್ಯ ಹೊಡೆಸಿದ. ಹಿಂಬದಿಗೆ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ತೊಡುವ ಟೋಪಿ, ಕೆಳಗೆ ಕೊಲೆಯ ತಾರೀಕು. ಮುಂಬದಿಗೆ? ತನ್ನದೇ ಮುಖ! ಈ ತಮಾಷೆಗೆ ಎರಡು ಸಾವಿರ ವರ್ಷವಾದರೂ ನನಗಿನ್ನೂ ನಗು ಬರುತ್ತದೆ.

ಆಮೇಲಿನ ಚಕ್ರವರ್ತಿಗಳಿಗೆ ನಾಚಿಕೆಯೇ ಉಳಿಯಲಿಲ್ಲ. ಮುಖ ದೊಡ್ಡದಾಗುತ್ತ ಹೋಯಿತು, ಬೆಳ್ಳಿ ಸಣ್ಣದಾಗುತ್ತ. ಒಂದು ಪೌಂಡು ಬೆಳ್ಳಿಗೆ 84 ನಾಣ್ಯ ಬರುತ್ತಿದ್ದದ್ದನ್ನು ನೀರೋ ಕ್ರಿ.ಶ. 64ರಲ್ಲಿ 96ಕ್ಕೇರಿಸಿದ, ಮೇಲೆ ತಾಮ್ರವನ್ನೂ ಬೆರೆಸಿದ. ನಮ್ಮ ಕಡೆಯ ವ್ಯಾಪಾರಿಗಳು ಏಮಾರಲಿಲ್ಲ. ದಕ್ಷಿಣ ಭಾರತದ ನೆಲದಲ್ಲಿ ಸಿಗುವ ದಿನಾರಿಯಸ್ಸುಗಳಲ್ಲಿ ಬಹುಪಾಲು ನೀರೋಗಿಂತ ಹಿಂದಿನ ಅಗಸ್ಟಸ್, ಟೈಬೀರಿಯಸ್‌ರವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅವರೇ ಸಿಕ್ಕರು. 1891ರಲ್ಲಿ ಯಶವಂತಪುರದಲ್ಲಿ 163 ನಾಣ್ಯಗಳು ಸಿಕ್ಕವಂತೆ. ಅದನ್ನು ಓದಿದ ಮೇಲೆ ಅಲ್ಲಿ ರೈಲಿಗೆ ಕಾಯುವಾಗಲೆಲ್ಲ ನನ್ನ ಕಣ್ಣು ಹಳಿಯ ಜಲ್ಲಿಯ ಮೇಲೇ.

ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯಲ್ಲಿ ಸಿಕ್ಕ 1,500ಕ್ಕೂ ಹೆಚ್ಚು ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳ ಮುಖದ ಮೇಲೆ ಉಳಿಯ ಗೀಟಿದೆ. ಪರದೇಶದ ರಾಜನ ಅಧಿಕಾರವನ್ನು ಅಳಿಸಲು ಹೀಗೆ ಮಾಡಿದರೆಂದು ಕೆಲವು ವಿದ್ವಾಂಸರು, ಒಳಗೆ ತಾಮ್ರವಿದೆಯೇ ಎಂದು ನೋಡಲು ಎಂದು ಇನ್ನು ಕೆಲವರು.

ಅಜ್ಜಿಯ ಪೆಟ್ಟಿಗೆಯಲ್ಲೂ ಅಂಥದೊಂದು ಇತ್ತು: ಐದನೇ ಜಾರ್ಜ್, ಕತ್ತಿನ ಮೇಲೊಂದು ಗಾಯ. ಸ್ವಾತಂತ್ರ್ಯ ಹೋರಾಟಗಾರರು ಯಾರಾದರೂ ಕಡಿದರೇ ಎಂದು ಆಸೆಯಿಂದ ಕೇಳಿದ್ದೆ.

‘ಯಾವ ಹೋರಾಟಗಾರನೋ? ನಮ್ಮ ಅಕ್ಕಸಾಲಿ ಕಣೋ. ಕಾಲುಂಗುರಕ್ಕೆ ಕೊಟ್ಟಿದ್ದೆ. ಗೀರಿ ನೋಡಿ, ಬೆಳ್ಳಿ ಚೆನ್ನಾಗಿದೆ, ಇಟ್ಕೊಳಮ್ಮಾ ಅಂತ ವಾಪಸ್ ಕೊಟ್ಟ.’